ಬೂದಿಗೆರೆಯ ಈಚೆ

ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನು ಶ್ರೀರಂಗಪಟ್ಟಣದ ಒಂದು ರಾಗಿ ಮಿಲ್ಲಿನಲ್ಲಿ, ಮೋಟರಿನ ಚಕ್ರಕ್ಕೆ ನೇರ ಎದುರಾಗಿ, ಐದು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬೆಲ್ಟು ಜಾರಿ ಕಿರುಗುಟ್ಟಿತು. ಸುಟ್ಟ ರಬ್ಬರಿನ ವಾಸನೆ ಬಂತು. ರಾಗಿಯ ಡಬ್ಬವನ್ನು ಅಲ್ಲೇ ಬಿಟ್ಟು ಗೋಡೆಯ ಪಕ್ಕಕ್ಕೆ ಸರಿದುಬಿಟ್ಟೆ. ಮಿಲ್ಲಿನವನು ನಕ್ಕ. ನೀವೂ ನಗಬಹುದು, ಆದರೆ ಬೋರಣ್ಣನ ವಿಷಯ ಕೇಳಿದ ಮೇಲೆ.

ಬಹಳ ವರ್ಷಗಳ ಹಿಂದೆ ಪಾಂಡವಪುರದ ಹತ್ತಿರ ನಮ್ಮ ಭಾವನದೊಂದು ಆಲೆಮನೆ ಇತ್ತು. ನಾನು ಆಗಷ್ಟೇ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರಾಗಿದ್ದೆ. ಬೆಲ್ಟಿನ ಬಿಗಿ ಭಾಗದ ಎಳೆತ, ಸಡಿಲ ಭಾಗದ ಎಳೆತ, ಚಕ್ರವನ್ನು ಅದು ಎಷ್ಟು ಸುತ್ತಿದೆ, ಹಿಡಿತ ಎಷ್ಟು, ಇವನ್ನೆಲ್ಲ ಹಲಗೆಯ ಮೇಲೆ ಬರೆದು ತೋರಿಸುವುದೇ ನನ್ನ ಕೆಲಸ. ನಿಜವಾದ ಬೆಲ್ಟನ್ನು ಮುಟ್ಟಿದ್ದು ಕಡಿಮೆ. ಗಾಣದ ಬೆಲ್ಟು ಜಾರುತ್ತಿದೆ ಎಂದು ಭಾವ ಹೇಳಿದಾಗ ನೋಟುಬುಕ್ಕು ಹಿಡಿದು ಹೊರಟೆ.

ಅಲ್ಲಿನ ಬೆಲ್ಟು ನೋಡಿಕೊಳ್ಳುತ್ತಿದ್ದವನು ಬೋರಣ್ಣ. ಅವನ ಬಳಿ ಇದ್ದದ್ದು ಬೆಲ್ಲದ ಮೂಟೆ ತೂಗುವ ಕೊಕ್ಕೆ ತಕ್ಕಡಿ ಒಂದೇ. ಮೋಟರು ನಿಲ್ಲಿಸಿ, ಎರಡು ಚಕ್ರಗಳ ನಟ್ಟನಡುವೆ ಬೆಲ್ಟಿಗೆ ಕೊಕ್ಕೆ ಹಾಕಿ, ಅದು ಎರಡು ಬೆರಳು ತಗ್ಗುವವರೆಗೆ ಕೆಳಗೆ ಎಳೆಯುತ್ತಿದ್ದ. ತಕ್ಕಡಿಯ ಮುಳ್ಳು ಅವನೇ ಗೀಚಿಟ್ಟಿದ್ದ ಗುರುತಿನ ಮೇಲೆ ನಿಂತರೆ ಸರಿ. ನನ್ನ ಒಂದು ಪುಟದ ಲೆಕ್ಕ ಅವನ ಕೈಯಲ್ಲಿ ಒಂದು ಎಳೆತಕ್ಕೆ ಮುಗಿಯುತ್ತಿತ್ತು. ಆ ದಿನ ಅದು ನನಗೆ ಕಾಣಲಿಲ್ಲ.

ನಾನು ಲೆಕ್ಕ ಹಾಕಿ ಮೋಟರನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡಿಸಿದೆ. ಜಾರಿತು. ಮತ್ತೆ ಲೆಕ್ಕ, ಮತ್ತೆ ಬಿಗಿ. ಬೋರಣ್ಣ ಕೊಕ್ಕೆ ಹಾಕಿ ನೋಡಿದ. ಮುಳ್ಳು ಗುರುತನ್ನು ದಾಟಿ ಬಹಳ ಮುಂದೆ ಹೋಗಿತ್ತು.

‘ಅತಿಯಾಯ್ತು ಕನ್ ಮೇಷ್ಟ್ರೇ. ತುದಿ ಸೇರ್ಸಿರೋ ಕೊಂಡಿ ತಡೆಯಾಕಿಲ್ಲ.’

‘ಓದಿರೋನು ಹೇಳ್ತಾವ್ನೆ, ಸುಮ್ನಿರ್ಲಾ ಬೋರ’ ಎಂದರು ಭಾವ.

ಬೋರಣ್ಣ ಒಲೆಯಿಂದ ಒಂದು ಬುಟ್ಟಿ ಬೂದಿ ತಂದು, ಬೆಲ್ಟಿನ ಎರಡೂ ಪಕ್ಕಕ್ಕೆ ಒಂದೊಂದು ಮೊಳ ಬಿಟ್ಟು, ಎರಡೂ ಚಕ್ರಗಳ ಆಚೆಯವರೆಗೆ ನೆಲದ ಮೇಲೆ ಎರಡು ಗೆರೆ ಎಳೆದ. ಗಾಣಕ್ಕೆ ಕಬ್ಬು ಕೊಡುವ ಸಾಕಮ್ಮ ನಕ್ಕರು.

‘ಏನಣ್ಣ, ಬೆಲ್ಟಿಗೂ ರಂಗೋಲಿ ಬುಡ್ತೀಯಾ?’

‘ಊಂ ಕನಮ್ಮಿ. ನೀನು ಗೆರೆಯಿಂದ ಈಚೆ ನಿಂತ್ಕಂಡೇ ಕಬ್ಬು ಕೊಡು.’

ಬಿಗಿ ಬದಲಿಸಿದಾಗಲೆಲ್ಲ ಮೊದಲ ಹೊರೆ ಕಬ್ಬು ಅರೆದು ಮುಗಿಯುವವರೆಗೆ ಗೆರೆಯೊಳಗೆ ಯಾರೂ ಕಾಲಿಡಬಾರದೆಂಬುದು ಅವನ ಕಟ್ಟಳೆ. ನಾನು ಅದನ್ನು ಪೂಜೆಯ ಯಾವುದೋ ಶಾಸ್ತ್ರವೆಂದುಕೊಂಡು, ಚಕ್ರಕ್ಕೆ ಎದುರಾಗಿ ಗೆರೆಯೊಳಗೇ ಒಂದು ಸ್ಟೂಲು ಹಾಕಿಕೊಂಡು ಕುಳಿತೆ. ಬೆಲ್ಟು ನೇರವಾಗಿ ಓಡುತ್ತದೋ ಇಲ್ಲವೋ ನೋಡಲು ಅದೇ ತಕ್ಕ ಜಾಗ.

ಮೋಟರು ಹಾಕಿದರು. ಎರಡು ಜಲ್ಲೆ ಒಳಗೆ ಹೋದವು. ಗೆರೆಯ ಹೊರಗೆ ತಕ್ಕಡಿ ಹಿಡಿದು ನಿಂತಿದ್ದ ಬೋರಣ್ಣ ನನ್ನ ಕಡೆ ನೋಡಿದ. ಎದ್ದೇಳಿ ಎಂದಿದ್ದರೆ ನಾನು ವಾದಕ್ಕೆ ನಿಲ್ಲುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು.

‘ಮೇಷ್ಟ್ರೇ, ಈ ಮುಳ್ಳು ನಂಗೆ ಸರ್ಯಾಗಿ ಕಾಣಾಕಿಲ್ಲ. ಒಸಿ ಬಂದು ಓದಿ.’

ಓದಲು ಕರೆದರೆ ಮೇಷ್ಟ್ರು ಏಳದೆ ಇರುತ್ತಾನೆಯೇ? ಎದ್ದೆ. ಮೂರನೇ ಹೆಜ್ಜೆಗೆ ಕೊಂಡಿ ಹರಿಯಿತು. ಬೆಲ್ಟಿನ ತುದಿ ಚಾಟಿಯಂತೆ ಬೀಸಿ ಹೋಯಿತು. ಸ್ಟೂಲಿನ ಎರಡು ಕಾಲು ಮುರಿದವು. ಬೆಲ್ಟು ಬಿದ್ದದ್ದು ಗೆರೆಗಳ ಒಳಗೇ.

ಭಾವ ಓಡಿಹೋಗಿ ಮೋಟರು ನಿಲ್ಲಿಸಿದರು. ಬೋರಣ್ಣ ನೀರು ಕೊಟ್ಟ. ಆಮೇಲೆ ನನ್ನ ನೋಟುಬುಕ್ಕನ್ನು ಎತ್ತಿಕೊಂಡ. ಅಕ್ಷರ ಬರದಿದ್ದವನು ಪುಟವನ್ನು ಬಹಳ ಮರ್ಯಾದೆಯಿಂದ ನೋಡಿ ಕೇಳಿದ: ‘ಇದ್ರೊಳಗೆ ತ್ಯಾವ ಎಲ್ಲೈತೆ ಮೇಷ್ಟ್ರೇ?’

ತೇವ ಇರಲಿಲ್ಲ. ಹಿಡಿತದ ಅಂಕಿಯನ್ನು ಪುಸ್ತಕದಿಂದ ತೆಗೆದುಕೊಂಡಿದ್ದೆ, ಅದು ಒಣ ಬೆಲ್ಟಿನದು. ಪಕ್ಕದಲ್ಲೇ ಕೊಪ್ಪರಿಗೆ ಕುದಿಯುತ್ತಿತ್ತು. ಅದರ ಹಬೆಯೆಲ್ಲ ಬೆಲ್ಟಿನ ಮೇಲೆ.

ಸಂಜೆಯೊಳಗೆ ಅವನು ಬೆಲ್ಟಿಗೆ ಹೊಸ ಕೊಂಡಿ ಹಾಕಿ, ಗೋಣಿಯಿಂದ ಒರೆಸಿ, ಕೊಪ್ಪರಿಗೆಗೂ ಬೆಲ್ಟಿಗೂ ನಡುವೆ ಕಬ್ಬಿನ ಸೋಗೆಯ ತಡಿಕೆ ಕಟ್ಟಿದ. ಬಿಗಿ ಹಳೆಯ ಗುರುತಿಗೇ ಬಂತು. ಬೆಲ್ಟು ಜಾರಲಿಲ್ಲ.

ಮೊನ್ನೆ ಸೋಮವಾರ ರಾಗಿ ಮಿಲ್ಲಿನವನು ಬಿಗಿ ಮಾಡಲು ಸ್ಪ್ಯಾನರು ತೆಗೆದ. ‘ಮೊದಲು ಒರೆಸಿ ನೋಡಪ್ಪ’ ಎಂದೆ. ಬೆಲ್ಟಿನ ಒಳಮೈಯಲ್ಲಿ ಹಿಟ್ಟು ಪದರುಗಟ್ಟಿತ್ತು. ಒರೆಸಿದ ಮೇಲೆ ಸದ್ದು ನಿಂತಿತು. ಅವನು ಈಗ ನಗಲಿಲ್ಲ. ನಾನು ಮಾತ್ರ ಹಿಟ್ಟು ಬೀಳುವ ತನಕ ಗೋಡೆಯ ಪಕ್ಕ ಬಿಟ್ಟು ಕದಲಲಿಲ್ಲ.

ಬೋರಣ್ಣ ತೀರಿಕೊಂಡಿದ್ದಾನೆ, ಭಾವನೂ ಇಲ್ಲ. ಆ ದಿನ ಸ್ಟೂಲು ಮುರಿದದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಈಗ ಇರುವವರು ಬೂಕನಕೆರೆಯ ಸಾಕಮ್ಮ ಒಬ್ಬರೇ.