ಶೋಭಾರಾಣಿ ಊದದ ಕೊಳವೆ

ಶೋಭಾರಾಣಿ ಮಂಡ್ಯದ ಕಾಲೇಜೊಂದರಲ್ಲಿ ಪರಿಸರ ವಿಜ್ಞಾನ ಕಲಿಸುತ್ತಾರೆ. ಗಾಳಿಯಲ್ಲಿ ತೇಲುವ, ಕಣ್ಣಿಗೆ ಕಾಣದ ದೂಳಿನ ಮೇಲೆ ಹದಿನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿರುವವರು. ಮದ್ದೂರು, ಮಳವಳ್ಳಿ ಕಡೆಯ ಅಕ್ಕಿ ಗಿರಣಿಗಳಲ್ಲಿ ದೂಳು ಹಿಡಿದು ತೂಗುವುದು, ಅಲ್ಲಿ ದುಡಿಯುವವರ ಉಸಿರಿನ ಬಲ ಅಳೆಯುವುದು ಅವರ ಕೆಲಸ. ಜೋರಾಗಿ ಊದಿದರೆ ಮುಳ್ಳು ಮುಂದಕ್ಕೆ ಸರಿಯುವ ಪ್ಲಾಸ್ಟಿಕ್ ಕೊಳವೆಯೊಂದು ಸದಾ ಅವರ ಚೀಲದಲ್ಲಿರುತ್ತದೆ.

ಆರುನೂರಕ್ಕೂ ಹೆಚ್ಚು ಜನರಿಂದ ಅದನ್ನು ಊದಿಸಿದ್ದರು. ತಾವು ಮಾತ್ರ ಒಮ್ಮೆಯೂ ಊದಿರಲಿಲ್ಲ. ತಂದೆ ದೇವಯ್ಯ ಗಿರಣಿಯಲ್ಲಿ ಹೊಟ್ಟು ತುಂಬುತ್ತಿದ್ದವರು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ, ಐವತ್ತೆರಡನೆಯ ವಯಸ್ಸಿಗೆ ತೀರಿಕೊಂಡರು. ಅದನ್ನು ಕಂಡೇ ಶೋಭಾರಾಣಿ ಈ ವಿಷಯ ಆರಿಸಿಕೊಂಡದ್ದು. ಕೊಳವೆ ಊದಿ ತೋರಿಸಬೇಕಾದಾಗಲೆಲ್ಲ ಶಿಷ್ಯೆ ದೀಪಿಕಳನ್ನು ಮುಂದೆ ಬಿಡುತ್ತಿದ್ದರು.

ಹೋದ ವರ್ಷ ದೀಪಿಕ ರಜೆ ಹಾಕಿದ್ದ ದಿನ, ಬಸರಾಳು ಕಡೆಯ ಗಿರಣಿಯೊಂದರಲ್ಲಿ ಮಿಕ್ಕವರೆಲ್ಲ ಊದಿದ ಮೇಲೂ ಬೀರಮ್ಮ ಎಂಬ ಹೊಟ್ಟು ಬಾಚುವ ಹೆಂಗಸು ಕೊಳವೆ ಮುಟ್ಟಲಿಲ್ಲ.

"ನೀವ್ ಮೊದ್ಲು ಊದಿ ಮೇಡಮ್ಮೋರೆ. ಎಂಗೆ ಅಂತ ನೋಡ್ಕತೀನಿ."

ಎಲ್ಲರೂ ನೋಡುತ್ತಿದ್ದರು. ಶೋಭಾರಾಣಿ ಊದಿದರು. ಮುಳ್ಳು ಇನ್ನೂರ ಅರವತ್ತಕ್ಕೆ ನಿಂತಿತು. ಅವರ ವಯಸ್ಸಿಗೆ, ಎತ್ತರಕ್ಕೆ ಅದು ನಾನೂರರ ಹತ್ತಿರ ಇರಬೇಕಿತ್ತು. ಇನ್ನೆರಡು ಸಲ ಊದಿದರು. ಅಷ್ಟೇ. ಬೀರಮ್ಮ ಊದಿದಾಗ ನೂರ ಎಂಬತ್ತು.

"ಯಂತ್ರ ಕೆಟ್ಟಿದೆ," ಎಂದು ಶೋಭಾರಾಣಿ ಚೀಲ ಮುಚ್ಚಿದರು.

ಕೆಟ್ಟಿರಲಿಲ್ಲ. ಮರುದಿನ ದೀಪಿಕ ಊದಿದಳು, ನಾನೂರ ಇಪ್ಪತ್ತು ಬಂತು. ಅಂದಿನಿಂದ ಗುತ್ತಲು ಬಡಾವಣೆಯ ಮನೆಯ ಮೆಟ್ಟಿಲು ಹತ್ತುವಾಗ ಶೋಭಾರಾಣಿ ಉಸಿರು ಎಣಿಸತೊಡಗಿದರು. ಯಾಕೆ ಕೆಮ್ಮು ಎಂದು ಗಂಡ ಪ್ರೀತಂ ಕೇಳಿದರೆ ಸೀಮೆಸುಣ್ಣದ ದೂಳಿನ ಮೇಲೆ ಹಾಕುತ್ತಿದ್ದರು. ಗೋಡೆಗೆ ಒರಗಿ ಕೂರುವುದನ್ನೇ ಬಿಟ್ಟರು.

ಮೂರನೆಯ ವಾರ ಬೀರಮ್ಮ ಬಸ್ಸು ಹಿಡಿದು ಕಾಲೇಜಿಗೇ ಬಂದರು.

"ಯಂತ್ರ ಸರಿಓಯ್ತಾ? ಎಲ್ರುದೂ ಬರ್ಕೊಂಡ್ರಿ, ನಂದೊಂದು ಬುಟ್ಬುಟ್ರಿ. ನಾಕೆಜ್ಜೆ ನಡೆಯಕಾಯ್ತಾ ಇಲ್ಲ ಕಣಮ್ಮ."

ಶೋಭಾರಾಣಿ ಚೀಲದಿಂದ ಕೊಳವೆ ಹೊರತೆಗೆದರು. ತಮ್ಮ ಭಯಕ್ಕೆ ಇನ್ನೊಬ್ಬರ ಕಾಯಿಲೆಯನ್ನೂ ಮುಚ್ಚಿಟ್ಟಿದ್ದರು.

"ಯಂತ್ರ ಸರಿಯಾಗೇ ಇತ್ತು ಬೀರಮ್ಮ. ನಾನೇ ಹೆದರಿಕೊಂಡು ಸುಳ್ಳು ಹೇಳಿದೆ."

"ಓದಿದೋರೇ ಎದ್ರುಕೊಂಡ್ರೆ ನಾವೇನ್ ಮಾಡವ?" ಎಂದರು ಬೀರಮ್ಮ. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಏಳಿ, ಇಬ್ರೂ ಆಸ್ಪತ್ರೆಗೆ ಓಗವ."

ಶೋಭಾರಾಣಿಯ ಉಸಿರ್ನಾಳ ಕಿರಿದಾಗಿತ್ತು. ಬಾಯಿಂದ ಎಳೆದುಕೊಳ್ಳುವ ಔಷಧಿಯಿಂದ ಮುಳ್ಳು ಮುನ್ನೂರ ನಲವತ್ತರವರೆಗೆ ಏರಿತು. ಬೀರಮ್ಮನದು ಹೆಚ್ಚು ಏರಲಿಲ್ಲ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಶೋಭಾರಾಣಿ ಗಿರಣಿ ಮಾಲೀಕರ ಹತ್ತಿರ ಮೂರು ಸಲ ಹೋಗಿ ಮಾತಾಡಿದ ಮೇಲೆ ಬೀರಮ್ಮನಿಗೆ ಹೊರಗಿನ ಜಗಲಿಯಲ್ಲಿ ಚೀಲ ಹೊಲಿಯುವ ಕೆಲಸ ಸಿಕ್ಕಿತು.

ಶೋಭಾರಾಣಿ ಈಗಲೂ ಗಿರಣಿಗಳಿಗೆ ಹೋಗುತ್ತಾರೆ, ಬಿಗಿಯಾಗಿ ಮಾಸ್ಕ್ ಹಾಕಿಕೊಂಡು. ಆರು ತಿಂಗಳಿಗೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಬೀರಮ್ಮನಿಗಾಗಿ ಕಾದು, ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ಹೋಗುತ್ತಾರೆ. ಕಳೆದ ಸಲ ಶೋಭಾರಾಣಿಯ ಹೆಸರು ಕೂಗಿದಾಗ ಅವರಿಗೆ ಹೆದರಿಕೆಗೆ ಬೆಂಚು ಬಿಟ್ಟು ಏಳಲಾಗಲಿಲ್ಲ. ಬೀರಮ್ಮ ಅವರನ್ನೊಮ್ಮೆ ನೋಡಿ, ತಮ್ಮ ಚೀಟಿ ಹಿಡಿದು ತಾವೇ ಮೊದಲು ಒಳಗೆ ಹೋದರು.