ಕೆಂಪು ಖಣದ ತುಂಡು

ನಾ ಬಾಗಲಕೋಟ್ಯಾಗ ಮೂಗಿನ ಡಾಕ್ಟರ್. ಗುಳೇದಗುಡ್ಡದಾಗ ಮನ್ಯಾಗ ಕುಬಸದ ಖಣ ನೇಯೋ ಶಾಂತವ್ವನ ಮೂಗಿನಾಗ ಒಂದು ಕೆಂಪು ಗಡ್ಡಿ ಕಂಡಿತು. ಪರೀಕ್ಷೆಗೆ ಚೂರು ತಗೀಬೇಕಂತ ಇಕ್ಕಳ ಹಿಡದಿದ್ದೆ.

"ಮೂಗಿನಿಂದ ರಕ್ತ ಎಷ್ಟು ಹೋಗ್ತೈತಿ ಯವ್ವಾ?"

"ಭಾಳ ಇಲ್ರಿ ಸಾಹೇಬ್ರ. ಒರಸಿದ್ರ ಬಟ್ಟಿ ಮ್ಯಾಲ ಕಾಣಂಗೇ ಇಲ್ಲ."

ಸೊಂಟದಿಂದ ಆ ಬಟ್ಟಿ ತಗದು ತೋರಿಸಿದಳು. ಮಗ್ಗದಾಗ ಉಳಿದ ಕೆಂಪು ಖಣದ ತುಂಡು. ಮುಟ್ಟಿ ನೋಡಿದೆ, ರಕ್ತ ಒಣಗಿ ರಟ್ಟಿನಂಗ ಬಿರುಸಾಗಿತ್ತು. ಇಕ್ಕಳ ಕೆಳಗಿಟ್ಟು ಸ್ಕ್ಯಾನ್ ಮಾಡಿಸಿದೆ. ಅದು ಪೂರಾ ರಕ್ತನಾಳಗಳಿಂದಲೇ ಆದ ಗಡ್ಡಿ, ಅಪರೂಪದ್ದು. ಅವತ್ತು ಚೂರು ಕಿತ್ತಿದ್ರ ರಕ್ತ ನಿಲ್ಲಿಸೂದು ನನ್ನ ಕೈಲೆ ಆಗ್ತಿದ್ದಿಲ್ಲ.

ಆಪರೇಶನ್ ಆಗಿ ಆಕಿ ಮತ್ತ ಮಗ್ಗಕ್ಕ ಕುಂತಾಳ. ನಾ ಈಗ ಎಷ್ಟು ರಕ್ತ ಹೋತು ಅಂತ ಮೊದಲ ಕೇಳಂಗಿಲ್ಲ. ಯಾವ ಬಣ್ಣದ ಬಟ್ಟಿಲೆ ಒರಸ್ತೀರಿ ಅಂತ ಕೇಳ್ತೇನಿ. ನಾ ಓದಿದ ದಪ್ಪ ಪುಸ್ತಕದಾಗ ಈ ಪ್ರಶ್ನಿ ಇದ್ದಿಲ್ಲ.