ಅವರಂತೆಯೇ ಇದ್ದವನು

ನನ್ನ ಕಾಯಿಲೆ ಶುರುವಾದದ್ದು ಜ್ವರದಿಂದಲ್ಲ, ಗಂಡನ ಹೆಸರಿನಿಂದ.

ನಮ್ಮ ಮುನವಳ್ಳಿ ಕಡೆ ನನ್ನಂಥ ಹೆಂಗಸರು ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಏನ್ರಿ" ಅಂದರೆ ಮುಗಿಯಿತು. ಒಂದು ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ, "ಈರಪ್ಪಾ, ರೊಟ್ಟಿ ನೀಡಲೇನು?" ಎಂದುಬಿಟ್ಟೆ. ಅತ್ತೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಏನವ್ವಾ, ಬಾಯಿ ಭಾಳ ಬಂತಲ್ಲ ನಿನಗ!" ನಮ್ಮವರು ಮಾತ್ರ ನಕ್ಕರು. ಹೆಂಡತಿಗೆ ಸಲಿಗೆ ಬಂತು ಅಂದುಕೊಂಡರಂತೆ, ಪಾಪ.

ನಾನು ಹೆಸರು ಹಿಡಿದದ್ದು, ಎದುರು ಕುಳಿತವನು ನನ್ನ ಗಂಡ ಅಲ್ಲ ಎಂಬ ಕಾರಣಕ್ಕೆ.

ಮೀಸೆ ಅವರದೇ. ಕೆಮ್ಮು ಅವರದೇ. ಕೆನ್ನೆಯ ಮಚ್ಚೆಯೂ ಅವರದೇ. ಹೆಸರನ್ನೂ ಅವರದೇ ಇಟ್ಟುಕೊಂಡು ಬಂದಿದ್ದ. ಆದರೆ ಮನುಷ್ಯ ಬೇರೆ. ಹೇಗೆ ಗೊತ್ತಾಯಿತು ಎನ್ನುತ್ತೀರಾ? ನಿಮ್ಮ ಕೈ ನಿಮ್ಮದೇ ಎಂದು ನಿಮಗೆ ಹೇಗೆ ಗೊತ್ತೋ, ಅಷ್ಟೇ ಖಾತ್ರಿಯಾಗಿ ಗೊತ್ತಿತ್ತು. ಅವನು ಮಗ್ಗುಲಲ್ಲಿ ಕುಳಿತರೆ ಎದ್ದು ದೂರ ಹೋಗುತ್ತಿದ್ದೆ. ಅವನು ಕೊಟ್ಟ ನೀರು ಮುಟ್ಟಲಿಲ್ಲ. "ನಮ್ಮವರನ್ನ ಏನ್ ಮಾಡೀಯೋ?" ಎಂದು ಚೀರಿದೆ. ಗಾಳಿ ಸೋಂಕೈತಿ ಎಂದು ಅತ್ತೆ ಲಿಂಬೆಹಣ್ಣು ನಿವಾಳಿಸಿದರು.

ಮರುದಿನ ಫಿಟ್ಸ್ ಬಂತು. ಸವದತ್ತಿಯ ಡಾಕ್ಟರು ತಡಮಾಡಿದರೆ ಜೀವಕ್ಕೇ ಅಪಾಯ, ಇವತ್ತೇ ಬೆಳಗಾವಿಗೆ ಒಯ್ಯಿರಿ ಎಂದರು. ಗುರುತಿಲ್ಲದ ಗಂಡಸಿನ ಜೊತೆ ನಾನ್ಯಾಕೆ ಹೋಗಲಿ? ಕಿಟಕಿಯ ಸರಳು ಹಿಡಿದು ಕುಳಿತೆ.

ಆಗ ಅವನು ವಾದಿಸುವುದನ್ನು ಬಿಟ್ಟ. ದೂರ ಸರಿದು, ತಲೆ ತಗ್ಗಿಸಿ, "ಅಕ್ಕಾರ, ನಿಮ್ಮ ಯಜಮಾನ್ರು ಬೆಳಗಾವಿ ದವಾಖಾನ್ಯಾಗ ಅದಾರ್ರಿ. ನಿಮ್ಮನ್ನ ಕರಕೊಂಡು ಬಾ ಅಂದಾರ. ಬರ್ರಿ," ಎಂದ.

ಕಟ್ಟಿಕೊಂಡ ಹೆಂಡತಿಗೆ ಅಕ್ಕಾ ಎಂದ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಸರಳು ಬಿಟ್ಟು ಹೋಗಿ ಕಾರು ಹತ್ತಿದೆ.

ಎಂಆರ್‌ಐ ಆಯಿತು. ಬೆನ್ನಿನಿಂದ ನೀರು ತೆಗೆದರು. ಆಟೋಇಮ್ಯೂನ್ ಎನ್ಸೆಫಲೈಟಿಸ್ ಅಂತೆ. ಮೈ ಕಾಯಬೇಕಾದ ಆಂಟಿಬಾಡಿಗಳೇ ಮೆದುಳಿನ ಮೇಲೆ ಏರಿಹೋಗುವ ಕಾಯಿಲೆ. "ಮೊದಲ ಇಂಥವರಿಗೆ ಹುಚ್ಚು ಅಂತಿದ್ರು. ಸಂಶೋಧನೆ ನಡೀತು, ಔಷಧ ಸಿಕ್ಕತು," ಎಂದರು ಡಾಕ್ಟರಮ್ಮ. ಸ್ಟೆರಾಯ್ಡ್ ಇಂಜೆಕ್ಷನ್ ಶುರುವಾದವು. ಅವನು ದಿನವೂ ಬಂದು, ದೂರದಲ್ಲಿ ಸ್ಟೂಲಿನ ಮೇಲೆ ಕುಳಿತು, ನಿಮ್ಮ ಯಜಮಾನರು ನಾಳೆ ಬರುತ್ತಾರೆ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಕಣ್ಣು ಬಿಟ್ಟರೆ ಸ್ಟೂಲಿನ ಮೇಲೆ ತೂಕಡಿಸುತ್ತ ಇವರು ಕುಳಿತಿದ್ದರು. ಇವರೇ. "ಏನ್ರಿ," ಎಂದೆ.

"ಏನ್ರಿ ಅಕ್ಕಾರ?" ಎಂದು ಗಾಬರಿಯಿಂದ ಎದ್ದವರು ನನ್ನ ಮುಖ ನೋಡಿ ಸಣ್ಣ ಹುಡುಗನಂತೆ ಅತ್ತುಬಿಟ್ಟರು.

ಬಿಡುಗಡೆಯ ದಿನ ಡಾಕ್ಟರಮ್ಮ ಸಂಶೋಧನೆಗೆ ನನ್ನ ರಕ್ತ ಕೇಳಿದರು. "ತಗೋರಿ," ಎಂದೆ. "ಆದರ ಇವರ ಹಂಗ ಇದ್ದ ಅಂವ ಎಲ್ಲಿಂದ ಬಂದಿದ್ದ, ಅಷ್ಟ ಹೇಳ್ರಿ."

"ಅದನ್ನ ನಾವೂ ಹುಡುಕಾಕ ಹತ್ತೇವ್ರಿ. ಮತ್ತ ಬರೂದಿಲ್ಲ ಅಂತ ಮಾತ್ರ ಹೇಳಾಕ ಆಗೂದಿಲ್ಲ."

ಈಗ ಮನೆಯಲ್ಲಿದ್ದೇನೆ. ಮಾತ್ರೆ ನಡೆದಿವೆ. ಬದುಕಿದೆನಲ್ಲ, ಅದೇ ದೊಡ್ಡದು. ಬೆಳಿಗ್ಗೆ ಅವರು ಚಹಾ ಹಿಡಿದು ಹೊಸ್ತಿಲ ಆಚೆ ನಿಲ್ಲುತ್ತಾರೆ. ನಾನು "ಬರ್ರಿ" ಅನ್ನುವ ತನಕ ಒಳಗೆ ಕಾಲಿಡುವುದಿಲ್ಲ. ನಾನೂ ಕೂಡಲೇ ಅನ್ನುವುದಿಲ್ಲ. ಇವತ್ತು ಬಂದವರು ಯಾರು ಎಂದು ಒಂದು ಸಲ ನೋಡಿಕೊಳ್ಳುತ್ತೇನೆ.